ಮಹೆಬೂಬನ ಸೂರ್ಯ

ಅಥವಾ ಅದು ಕೆರೆಯ ಕೆಸರಿನ ವಾಸನೆಯೇ ಆಗಿರಲಿಲ್ಲ, ಕರಿ ಬಟ್ಟೆ ಬಿಸಿಲಿಗೆ ಕಾದಾಗ ಬರುವ ವಾಸನೆ ಇದ್ದಿರಬಹುದು. ಎರಡೂ ಒಂದೇ ವರ್ಷದವು, ಒಂದೇ ಮೂಗಿಗೆ ಬಂದವು. ಈಗ ಒಂದನ್ನು ಇನ್ನೊಂದರಿಂದ ಬಿಡಿಸಲು ನನ್ನಿಂದ ಆಗುತ್ತಿಲ್ಲ. ಹೋದ ತಿಂಗಳು ನೆಂಟರ ಮದುವೆಗೆಂದು ದೋರನಹಳ್ಳಿ ದಾಟಿ ಆ ಸಣ್ಣ ಊರಿಗೆ ಹೋಗಿದ್ದೆ. ಊಟ ಮುಗಿಸಿ ಚಪ್ಪರದ ಹಿಂದೆ ಬಂದು ಕೂತರೆ ಪಕ್ಕದಲ್ಲಿ ಯಾರದೋ ಹಳೆಯ ಕರಿ ಛತ್ರಿ ಬಿಸಿಲಿಗೆ ಬಿಚ್ಚಿಟ್ಟಿತ್ತು, ಎದುರಿಗೆ ಕೆರೆ ಇತ್ತು. ವಾಸನೆ ಛತ್ರಿಯಿಂದ ಬಂತೋ ಕೆರೆಯಿಂದ ಬಂತೋ, ಅದರ ಜೊತೆಗೆ ಅರ್ಧ ಶತಮಾನದ ಹಿಂದಿನ ಒಂದು ಹೊಟ್ಟೆಕಿಚ್ಚು ಎದ್ದು ಬಂದು ನನ್ನ ಪಕ್ಕದಲ್ಲೇ ಕೂತಿತು. ಹೊಟ್ಟೆಕಿಚ್ಚು ನಿಜ, ಅದರಲ್ಲಿ ಸಂಶಯವಿಲ್ಲ. ಉಳಿದದ್ದನ್ನು ಓದುವವರು ಸ್ವಲ್ಪ ಹುಷಾರಾಗಿ ಓದಬೇಕು.

ಆಗ ಹೈದರಾಬಾದ್ ರಾಜ್ಯ ಇನ್ನೂ ಇತ್ತು. ನಿಜಾಮರ ಆಳ್ವಿಕೆ ಹೋಗಿತ್ತು, ಫೌಜಿನ ಆಳ್ವಿಕೆ ಬಂದು ಅದೂ ಹೋಗಿತ್ತು, ಓಟು ಹಾಕಿ ಆರಿಸಿದವರ ಸರ್ಕಾರ ಕೂತಿತ್ತು. ಈ ರಾಜ್ಯವನ್ನೂ ಒಡೆದು ಭಾಷೆಗೊಂದು ಪಾಲು ಹಂಚುತ್ತಾರೆ ಎಂಬ ಮಾತು ಚಹಾದಂಗಡಿಗಳಲ್ಲಿ ದಿನವೂ ನಡೆಯುತ್ತಿತ್ತು. ನಾನು ಸುರಪುರದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮಹೆಬೂಬ ಶಹಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದ. ಕಲಬುರ್ಗಿಯಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ಒಲೆಯ ಮೇಲೆ ಅನ್ನ ಮಾಡಿಕೊಂಡು, ಉರ್ದುವಿನಲ್ಲಿ ಬೀಜಗಣಿತ ಕಲಿತವರು ನಾವಿಬ್ಬರು. ಅವನು ಮನೆಯಲ್ಲಿ ದಖನಿ ಮಾತಾಡುತ್ತಿದ್ದ, ನನ್ನ ಜೊತೆ ಕನ್ನಡ. ಲೆಕ್ಕದಲ್ಲಿ ನನಗಿಂತ ಮುಂದಿದ್ದ. ಅದನ್ನು ನಾನು ಆಗ ಸಹಿಸಿಕೊಂಡಿದ್ದೆ ಎಂದೇ ನನ್ನ ನೆನಪು. ನೆನಪು ನನ್ನದಾದ್ದರಿಂದ ನನ್ನ ಕಡೆಗೇ ವಾಲುತ್ತದೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಹೈದರಾಬಾದಿನಿಂದ ಒಬ್ಬ ಪ್ರೊಫೆಸರ್ ಸಾಹೇಬರು ನಮ್ಮನ್ನು ಯಾದಗಿರಿಗೆ ಕರೆಸಿಕೊಂಡರು. ಸರ್ಕಾರ ಒಂದು ದೊಡ್ಡ ವೀಕ್ಷಣಾಲಯ ಕಟ್ಟುವ ಯೋಚನೆಯಲ್ಲಿದೆ, ಸೂರ್ಯನನ್ನು ಮಾತ್ರ ನೋಡುವಂಥದ್ದು ಎಂದರು. ಮೊದಲು ಜಾಗದ ಪರೀಕ್ಷೆ. ಜಾಗ ಸಿಕ್ಕರೆ ಮುಂದಿನ ಪಂಚವಾರ್ಷಿಕ ಯೋಜನೆಯಲ್ಲಿ ರಸ್ತೆ, ಕರೆಂಟು, ಕಟ್ಟಡಕ್ಕೆ ದುಡ್ಡು. ಅದರ ಮುಂದಿನ ಯೋಜನೆಯಲ್ಲಿ ಹೊರದೇಶದಿಂದ ಯಂತ್ರ. ಒಂದು ಹಂತದ ವರದಿ ಸರಿಯಾಗಿದ್ದರೆ ಮಾತ್ರ ದಿಲ್ಲಿಯವರು ಮುಂದಿನ ಹಂತದ ದುಡ್ಡು ಬಿಡುತ್ತಾರೆ. ನೀವು ಈಗ ಹುಡುಕುತ್ತಿರುವುದು ನಿಮ್ಮ ಮೊಮ್ಮಕ್ಕಳು ಕೆಲಸ ಮಾಡುವ ಜಾಗ ಎಂದು ಅವರು ಉರ್ದುವಿನಲ್ಲಿ ಹೇಳಿದಾಗ ಮಹೆಬೂಬ ನನ್ನ ಕಡೆ ನೋಡಿ ನಕ್ಕ. ನಮ್ಮಿಬ್ಬರಿಗೂ ಇನ್ನೂ ಮಕ್ಕಳೇ ಆಗಿರಲಿಲ್ಲ. ಬರುವ ವರ್ಷ ತಾನು ಇರುತ್ತೇನೋ ಇಲ್ಲವೋ ಗೊತ್ತಿಲ್ಲದ ಸರ್ಕಾರ ಅಷ್ಟು ದೂರದ ಲೆಕ್ಕ ಹಾಕುತ್ತಿದ್ದುದು ನನಗೆ ಆಗ ವಿಚಿತ್ರ ಎನ್ನಿಸಲಿಲ್ಲ. ನನಗೆ ಬೇಕಾಗಿದ್ದುದು ಕೊನೆಯಲ್ಲಿ ಬಂದ ಮಾತು. ಎರಡು ಜಾಗ ಪರೀಕ್ಷೆಗೆ ಇವೆ: ಸುರಪುರದ ಹೊರಗಿನ ಕಲ್ಲುಗುಡ್ಡ, ಮತ್ತು ಶಹಾಪುರದ ಕಡೆ ದೋರನಹಳ್ಳಿಯಾಚೆ ಕೆರೆಯ ಪಕ್ಕದ ದಿಬ್ಬ. ಯಾವ ಜಾಗ ಗೆಲ್ಲುತ್ತದೋ ಅಲ್ಲಿನ ಮಾಸ್ತರನಿಗೆ ವೀಕ್ಷಣಾಲಯದಲ್ಲೇ ಕಾಯಂ ನೌಕರಿ. ಇನ್ನೊಬ್ಬ ವಾಪಸು ಮಗ್ಗಿ ಹೇಳಿಸಲು ಹೋಗಬೇಕು.

ರೈಲಿನಲ್ಲಿ ಬಂದಿದ್ದ ಎರಡು ಮರದ ಪೆಟ್ಟಿಗೆಗಳು ಸ್ಟೇಷನ್ನಿನ ಕಟ್ಟೆಯ ಮೇಲಿದ್ದವು. ಒಂದೇ ಕಾರ್ಖಾನೆಯ, ಒಂದೇ ಅಳತೆಯ ಎರಡು ದೂರದರ್ಶಕ. ಮಹೆಬೂಬ ತನಗೆ ಹತ್ತಿರವಿದ್ದುದನ್ನು ಎತ್ತಿಕೊಂಡ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾಗುತ್ತದೆ.

ಕೆಲಸ ಹೀಗಿತ್ತು. ಸೂರ್ಯನನ್ನು ನೇರ ನೋಡುವ ಹಾಗಿಲ್ಲ. ದೂರದರ್ಶಕದ ಹಿಂದೆ ಒಂದು ಬಿಳಿ ರಟ್ಟು ಇಟ್ಟರೆ ಅದರ ಮೇಲೆ ತಟ್ಟೆಯಷ್ಟು ಅಗಲದ ಸೂರ್ಯ ಬಂದು ಬೀಳುತ್ತಾನೆ. ಸುತ್ತ ಕತ್ತಲೆಯಾಗಲಿ ಎಂದು ಕರಿ ಬಟ್ಟೆಯ ಪರದೆ. ಅದರೊಳಗೆ ತಲೆ ತೂರಿಸಿ ಸೂರ್ಯನ ಅಂಚನ್ನು ನೋಡಬೇಕು. ಗಾಳಿ ಶಾಂತವಾಗಿದ್ದರೆ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇರುತ್ತದೆ. ಇಲ್ಲದಿದ್ದರೆ ಉಕ್ಕುವ ಹಾಲಿನ ಹಾಗೆ ಕುದಿಯುತ್ತದೆ. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಗಂಟೆಗೊಮ್ಮೆ ನೋಡಿ ಒಂದು ಪದ ಬರೆಯಬೇಕು, ಪರೀಕ್ಷೆ ಮುಗಿಯುವವರೆಗೆ ನಮ್ಮ ಪಾಠ ಮಧ್ಯಾಹ್ನದ ಮೇಲಷ್ಟೇ. ಪ್ರೊಫೆಸರರ ಇಂಗ್ಲಿಷ್ ಪದಗಳು ನಮಗೆ ಹಿಡಿಸಲಿಲ್ಲ, ನಾವೇ ನಾಲ್ಕು ಮಾಡಿಕೊಂಡೆವು: ಸುಮ್ಮ, ಅಲುಗು, ನಡುಕ, ಕುದಿ. ಅವರು ಒಪ್ಪಿದರು. ಆ ಕರಿ ಪರದೆಯೊಳಗೆ ಸೂರ್ಯನ ಜೊತೆ ಒಬ್ಬನೇ ಇರುವುದಿದೆಯಲ್ಲ, ಅದರ ಬೆವರು, ಅದರ ಕಾದ ಬಟ್ಟೆಯ ವಾಸನೆ, ಅದರ ಗರ್ವ, ಇವನ್ನು ನಾನು ಮತ್ತೆ ಎಲ್ಲೂ ಪಡೆಯಲಿಲ್ಲ.

ನನ್ನ ಗುಡ್ಡ ಎತ್ತರವಾಗಿತ್ತು. ಮೇಲೆ ನಿಂತರೆ ಸುರಪುರದ ಮನೆಗಳೂ ಬಂಡೆಗಳೂ ಒಂದರೊಳಗೊಂದು ಸಿಕ್ಕಿಕೊಂಡಂತೆ ಕಾಣುತ್ತಿದ್ದವು. ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಊರು ಇದು, ಸರ್ಕಾರ ಬರುವುದಾದರೆ ಇಲ್ಲಿಗಲ್ಲದೆ ಕೆರೆದಂಡೆಗೆ ಬರುತ್ತದೆಯೇ ಎಂದು ನಾನಷ್ಟೇ ಅಲ್ಲ, ಊರಿನ ಹಿರಿಯರೂ ಅಂದುಕೊಂಡಿದ್ದರು. ಕುರಿ ಮೇಯಿಸುವವರು ಬಂಡೆಗೆ ಒರಗಿ ನಿಂತು ನೋಡುತ್ತಿದ್ದರು. ಪರದೆಯೊಳಗೆ ತಲೆ ಹಾಕಿದರೆ ಸಾಕು, ಮಾಸ್ತರ ಬುರ್ಖಾ ಹಾಕ್ಕೊಂಡ ನೋಡು ಎಂದು ನಗುತ್ತಿದ್ದರು. ನಗಲಿ. ನನಗೆ ತೊಂದರೆ ಕೊಟ್ಟಿದ್ದು ಅವರಲ್ಲ, ಸೂರ್ಯ. ಹುಟ್ಟುವಾಗ ಅಲುಗು. ಹೊತ್ತು ಸ್ವಲ್ಪ ಏರಿದರೆ ನಡುಕ. ಮಕ್ಕಳು ಶಾಲೆಗೆ ಬರುವ ಹೊತ್ತಿಗೆ ಕುದಿ. ಬಂಡೆಗಳು ಕಾದು ಉಗುಳುವ ಬಿಸಿ ಗಾಳಿಯಲ್ಲಿ ಅಂಚು ಕುಣಿಯುತ್ತಿತ್ತು. ದಿನ ದಿನವೂ ನಾನು ಕುದಿ, ಕುದಿ ಎಂದು ಬರೆದೆ.

ತಿಂಗಳಿಗೊಮ್ಮೆ ಶಹಾಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾವಿಬ್ಬರೂ ಸೇರಿ ವರದಿ ಜೋಡಿಸಿ ಹೈದರಾಬಾದಿಗೆ ಕಳಿಸುತ್ತಿದ್ದೆವು. ಮೊದಲ ಸಲ ಅವನ ಹಾಳೆ ನೋಡಿದಾಗ ನಾನು ಚಹಾದ ಕಪ್ಪು ಕೆಳಗಿಟ್ಟೆ. ಸುಮ್ಮ. ಸುಮ್ಮ. ಸುಮ್ಮ. ಅಲುಗು. ಮತ್ತೆ ಸುಮ್ಮ. ಒಂದೇ ದಿನ, ಒಂದೇ ಗಂಟೆ, ಒಂದೇ ಸೂರ್ಯ. ಅವನಿಗೆ ಸುಮ್ಮನಿದ್ದವನು ನನಗೆ ಕುದಿಯುತ್ತಿದ್ದ.

"ನಿನ್ನ ಗುಡ್ಡ ಹಂಚು ಇದ್ದಂಗ ಅದ ಯಾರ್," ಎಂದ ಮಹೆಬೂಬ. "ರೊಟ್ಟಿ ಬಡದು ಹಾಕು, ಬರೋಬ್ಬರಿ ಉಬ್ಬತಾವ."

ನಾನೂ ನಕ್ಕೆ. ಬಸ್ಸಿನಲ್ಲಿ ಅವನ ಹಾಳೆಯ ಸುಮ್ಮಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ವಾಪಸು ಬಂದೆ. ಬೇರೆಯವರ ಹೊಲ, ಎತ್ತು, ನೌಕರಿ ನೋಡಿ ಹೊಟ್ಟೆ ಉರಿದವರನ್ನು ನಾನು ಕಂಡಿದ್ದೇನೆ. ನನ್ನದು ಅಂಥದ್ದಲ್ಲ ಎಂದುಕೊಳ್ಳುವ ಹಾಗೂ ಇರಲಿಲ್ಲ, ನೌಕರಿಯೂ ಅದರಲ್ಲಿತ್ತು. ಆದರೆ ನೌಕರಿಗಿಂತ ಹೆಚ್ಚಾಗಿ ಆ ಪದ ನನ್ನನ್ನು ಕೊರೆಯಿತು. ಸುಮ್ಮ. ಚಾಕುವಿನಿಂದ ಕೊಯ್ದ ಅಂಚು ಹೇಗಿರುತ್ತದೆ ಎಂದು ನಾನು ಪ್ರೊಫೆಸರರ ಬಾಯಿಂದ ಕೇಳಿದ್ದೆ, ಅವನು ದಿನಾ ನೋಡುತ್ತಿದ್ದ.

ಮನೆಯಲ್ಲಿ ಹೆಂಡತಿ ನೀಲಮ್ಮ ರೊಟ್ಟಿ ಬಡಿಯುವ ಸದ್ದು ಕೇಳಿದರೂ ಹಂಚಿನ ಮಾತು ನೆನಪಾಗಿ ಮುಖ ಗಂಟಿಕ್ಕುತ್ತಿದ್ದೆ. ಅವಳಿಗೆ ಮೊದಲು ಹೇಳಲಿಲ್ಲ. ಆಮೇಲೆ ಹೇಳಿದೆ: ಅವನ ಪೆಟ್ಟಿಗೆ ಒಳ್ಳೆಯದು, ನನ್ನದು ಕೆಟ್ಟದ್ದು, ಯಾದಗಿರಿಯಲ್ಲಿ ಅವನು ಮೊದಲು ಕೈ ಹಾಕಿದ. ಅವಳು ಹಿಟ್ಟಿನ ಕೈ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಸೂರ್ಯನ ಸಲುವಾಗಿ ಹೊಟ್ಟಿಕಿಚ್ಚು ಪಡೋ ಗಂಡಸನ್ನ ನಾ ಎಲ್ಲೂ ನೋಡಿಲ್ಲ ಬಿಡ್ರಿ. ಹೋಗಿ ಪೆಟ್ಟಿಗಿ ಅದಲಾಬದಲಿ ಮಾಡ್ಕೊಂಡು ಬರ್ರಿ. ಆವಾಗರ ಸೂರ್ಯನ್ನ ಬಿಟ್ಟು ಉಣ್ಣಾಕ ಕುಂದರ್ತೀರೇನು ನೋಡೋಣು."

ಅವಳು ಅದನ್ನು ಚೇಷ್ಟೆಗೆ ಹೇಳಿದಳು. ನಾನು ನಿಜಕ್ಕೂ ಮಾಡಿದೆ. ಮಹೆಬೂಬ ಕಾರಣ ಕೇಳಲಿಲ್ಲ, ಅಥವಾ ಕೇಳಿದ್ದನ್ನು ನಾನು ಮರೆತಿದ್ದೇನೆ. ಬಸ್ಸಿನ ತಲೆಯ ಮೇಲೆ ಪೆಟ್ಟಿಗೆ ಕಟ್ಟಿಸಿ ಕಳಿಸಿದ, ನನ್ನದನ್ನು ತಾನು ತೆಗೆದುಕೊಂಡ. ಆ ತಿಂಗಳು ಅವನ ದೂರದರ್ಶಕದಲ್ಲಿ ನನ್ನ ಗುಡ್ಡದ ಮೇಲಿಂದ ನೋಡಿದೆ. ಕುದಿ. ನನ್ನ ದೂರದರ್ಶಕದಲ್ಲಿ ಅವನ ದಿಬ್ಬದ ಮೇಲಿಂದ ಅವನು ನೋಡಿದ. ಸುಮ್ಮ. ನನ್ನ ಕೈಯಲ್ಲಿದ್ದ ಒಂದು ನೆಪ ಹೀಗೆ ಹೋಯಿತು. ಉಳಿದಿದ್ದುದು ಇನ್ನೊಂದೇ: ಅವನು ನೋಡಿದ್ದನ್ನು ಬರೆಯುತ್ತಿಲ್ಲ, ಬೇಕಾದದ್ದನ್ನು ಬರೆಯುತ್ತಿದ್ದಾನೆ. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಆದರೆ ಅದು ನನಗೆ ಬಹಳ ನೆಮ್ಮದಿ ಕೊಟ್ಟಿತು.

ಅವನೋ, ಭೇಟಿಯಾದಾಗಲೆಲ್ಲ ಕರೆಯುತ್ತಿದ್ದ. ಒಂದು ಮುಂಜಾನೆ ಬಾ, ನನ್ನ ಪರದೆಯೊಳಗೆ ತಲೆ ಹಾಕು, ಅಮ್ಮಿ ಖಿಚಡಿ ಮಾಡುತ್ತಾಳೆ, ಉಂಡು ಹೋಗು. ಅವನ ತಾಯಿಯ ಖಿಚಡಿ, ಅದರ ಜೊತೆಗಿನ ಹುಣಸೆ ಸಾರು ನನಗೆ ಎಷ್ಟು ಇಷ್ಟ ಎಂದು ಅವನಿಗೆ ಗೊತ್ತಿತ್ತು. ನಾನು ಹೋಗಲಿಲ್ಲ. ಶಾಲೆ ಇದೆ ಎಂದೆ, ಜೋಳದ ಕಾವಲಿದೆ ಎಂದೆ, ಮೈಯಲ್ಲಿ ಹುಷಾರಿಲ್ಲ ಎಂದೆ. ಹೋಗಿ ನೋಡಿದರೆ ನಂಬಬೇಕಾಗುತ್ತಿತ್ತು. ಅಥವಾ ನಂಬದೇ ಇರಲು ಗಟ್ಟಿ ಕಾರಣ ಸಿಕ್ಕು, ಆ ಗೆಳೆತನವನ್ನೇ ಬಿಡಬೇಕಾಗುತ್ತಿತ್ತು. ಎರಡೂ ಬೇಡವಾಗಿತ್ತು.

ಚಳಿ ಮುಗಿಯಿತು. ಜೋಳದ ರಾಶಿಯಾಯಿತು. ಹೊಲಗಳಲ್ಲಿ ಕರಿ ಮಣ್ಣು ಬಿರುಕು ಬಿಡತೊಡಗಿದಾಗ ಹೈದರಾಬಾದಿನಿಂದ ಸುದ್ದಿ ಬಂತು. ದಿಲ್ಲಿಯಿಂದ ಯೋಜನೆಯ ದುಡ್ಡು ನೋಡುವ ಅಧಿಕಾರಿಯೊಬ್ಬರು ಬರುತ್ತಾರೆ, ಪ್ರೊಫೆಸರರ ಜೊತೆ ಒಂದೇ ಒಂದು ಜಾಗ ನೋಡಿ ಹೋಗುತ್ತಾರೆ, ಆ ಜಾಗ ಕೆರೆಯ ದಿಬ್ಬ. ವಿವರ ಹೇಳಿ ಜೊತೆಗೆ ಕರೆತರಲು ಮಹೆಬೂಬನನ್ನು ಹೈದರಾಬಾದಿಗೆ ಕರೆಸಿಕೊಂಡರು. ನನಗೂ ಆ ದಿನ ದಿಬ್ಬಕ್ಕೆ ಬಂದಿರಲು ಹೇಳಿದ್ದರು, ಸೋತವನ ಹಾಳೆಗಳ ಜೊತೆ. ಅವನು ರೈಲಿನಲ್ಲಿ ಕೂತು ಹೋದ ಆ ವಾರ ನಾನು ಗುಡ್ಡ ಹತ್ತಲಿಲ್ಲ. ಹತ್ತಿ ನೋಡಿ ಬರೆಯುವುದು ಇನ್ನು ಯಾರಿಗೆ?

ಆ ಮುಂಜಾನೆ ಬಸ್ಸಿಳಿದು ಊರೊಳಗೆ ಹೋದರೆ ಬೀದಿಯಲ್ಲಿ ಸೆಗಣಿ ಸಾರಿಸಿ ರಂಗೋಲಿ ಹಾಕಿತ್ತು. ಹಲಗೆ ಬಾರಿಸುವವರು ನಿಂತಿದ್ದರು. ಊರ ಗೌಡರು ಜರಿ ರುಮಾಲು ಸುತ್ತಿಕೊಂಡು, ಜೀಪಿನಿಂದ ಇಳಿದ ಸಾಹೇಬರಿಗೆ ಹಾರ ಹಾಕಿ, ಕಾಲುವೆಯ ಗುಂಟ ನಡೆಸಿಕೊಂಡು ಹೊರಟರು. ದಿಬ್ಬಕ್ಕೆ ನೇರ ದಾರಿ ಬೇರೆ ಇತ್ತು, ಆದರೂ ಕಾಲುವೆಯ ಗುಂಟ. ಕಾಲುವೆ ದಂಡೆ ಮೀರಿ ತುಂಬಿ ಹರಿಯುತ್ತಿತ್ತು. ಬಿಸಿಲಿಗೆ ನೀರು ಮಿಂಚುತ್ತಿತ್ತು. ಮಹೆಬೂಬ ನನ್ನ ಮುಂದೆ ನಡೆಯುತ್ತಿದ್ದವನು ಥಟ್ಟನೆ ನಿಂತದ್ದು ನನಗೆ ನೆನಪಿದೆ. ಅವನು ಕಾಲುವೆ ನೋಡಿದ, ತಲೆಯೆತ್ತಿ ಕೆರೆಯ ಏರಿಯ ಕಡೆ ನೋಡಿದ, ಆಮೇಲೆ ಓಡತೊಡಗಿದ.

ದಿಬ್ಬದ ಮೇಲೆ ನಿಂತಾಗ ಎಲ್ಲರಿಗೂ ಕಂಡಿತು. ಕೆರೆ ಇರಲಿಲ್ಲ. ನಡುವೆ ಒಂದು ಚೂರು ನೀರು, ಅದರ ಸುತ್ತ ಅರ್ಧ ಒಣಗಿದ ಕೆಸರು, ಕೆಸರಲ್ಲಿ ಕೊಕ್ಕರೆಗಳು. ವಾಸನೆ. (ಇದೇ ಆ ವಾಸನೆ ಎಂದು ಬರೆಯಲು ಹೊರಟೆ. ಕರಿ ಪರದೆಯೂ ಅಲ್ಲೇ ಇತ್ತು, ಅದೂ ಕಾದಿತ್ತು.)

ನೀರು ಎಲ್ಲಿ ಎಂದು ಪ್ರೊಫೆಸರರು ಕೇಳಿದರು. ಗೌಡರು ಹೊಲಗಳ ಕಡೆ ಕೈ ಬೀಸಿದರು.

"ಎಲ್ಲಾ ಕಡಿ ಹರಿಯಾಕತ್ತದ ಸಾಹೇಬ್ರ. ನಾಕ್ ದಿನ ಆತು ತೂಬು ಎತ್ತಿ. ಒಂದು ಕಾಲುವೀನೂ ಒಣ ಇಟ್ಟಿಲ್ಲ."

ಮಹೆಬೂಬ ಅವರ ಎದುರಿಗೆ ಹೋಗಿ ನಿಂತ. ಇವರು ಸೂರ್ಯನನ್ನು ನೋಡಲು ಬರುತ್ತಾರೆ, ಕೆರೆ ನೋಡಲಿಕ್ಕಲ್ಲ ಎಂದು ತಾನು ಎಷ್ಟು ಸಲ ಹೇಳಿದ್ದೆ ಎಂದ. ಗೌಡರಿಗೆ ಬೇಜಾರಾಗಲಿಲ್ಲ. ತಿಳಿಯದ ಹುಡುಗನಿಗೆ ತಿಳಿಸುವ ದನಿಯಲ್ಲಿ ಹೇಳಿದರು:

"ಮಾಸ್ತರ, ನಮ್ಮಪ್ಪನ ಕಾಲದಾಗ ನಿಜಾಮರ ತಾಲೂಕದಾರ ಸಾಹೇಬ್ರು ಶಿಕಾರಿಗೆ ಬಂದೀವಿ ಅಂತಿದ್ರು. ಶಿಕಾರಿ ಎಲ್ಲಿದು? ಕೆರಿ ನೋಡಿ, ಕಾಲುವಿ ನೋಡಿ, ರಿಪೇರಿ ರೊಕ್ಕ ಯಾರ್ ತಿಂದಾರ ಅಂತ ಬರಕೊಂಡು ಹೋಗತಿದ್ರು. ಇವ್ರು ಸೂರ್ಯನ್ನ ನೋಡಾಕ ಬಂದೀವಿ ಅಂದ್ರು. ಸೂರ್ಯ ದಿಲ್ಲಿಯಾಗ ಇಲ್ಲೇನು? ನಮಗ ಅಷ್ಟೂ ತಿಳ್ಯಂಗಿಲ್ಲೇನ್ರಿ?"

ಸುತ್ತ ನಿಂತವರೆಲ್ಲ ಹೌದೆಂಬಂತೆ ತಲೆಯಾಡಿಸಿದರು. ಸರ್ಕಾರ ಬಂದಾಗ ಹರಿಯುವ ನೀರು ತೋರಿಸುವುದು ಆ ಊರಿನ ಮರ್ಯಾದೆ. ಬೇಸಿಗೆಗೆ ಇಟ್ಟುಕೊಂಡಿದ್ದ ನೀರನ್ನು ಅವರು ಆ ಮರ್ಯಾದೆಗಾಗಿ ಬಿಟ್ಟಿದ್ದರು. ಅದನ್ನು ತಪ್ಪು ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ಆಗ ಪ್ರೊಫೆಸರರು ಹೇಳಿದರು. ಕೆರೆಯ ನೀರು ನೆಲ ಕಾಯದಂತೆ ತಡೆಯುತ್ತದೆ, ಅದರ ಮೇಲಿನ ಗಾಳಿ ತಂಪಾಗಿ ಒಂದೇ ಸಮ ಇರುತ್ತದೆ, ಅದಕ್ಕೇ ಮಹೆಬೂಬನ ಸೂರ್ಯ ಸುಮ್ಮನಿರುತ್ತಾನೆ ಎಂಬುದು ಅವರ ಊಹೆ. ಆ ಊಹೆಯನ್ನು ಕಣ್ಣಾರೆ ನೋಡಿ, ದಿಲ್ಲಿಯವರಿಗೂ ತೋರಿಸಲು ಬಂದಿದ್ದರು. ಮೊದಲೇ ಹೇಳಿದರೆ ನಾವು ನೀರು ನೋಡಿ ಪದ ಬರೆಯುತ್ತೇವೆ ಎಂದು ನಮ್ಮಿಬ್ಬರಿಗೂ ಹೇಳಿರಲಿಲ್ಲ. ಮಹೆಬೂಬ ತಾನು ಇಷ್ಟು ದಿನ ನೀರಿನ ಪುಣ್ಯದಿಂದ ನೋಡುತ್ತಿದ್ದೆ ಎಂದು ಆ ಕ್ಷಣ ತಿಳಿದುಕೊಂಡ. ನನ್ನ ಗುಡ್ಡದ ಪಕ್ಕ ಒಂದು ಕೆರೆ ಇದ್ದಿದ್ದರೆ ಎಂದು ನಾನು ಯೋಚಿಸಿದೆ. ಅಂಥ ಹೊತ್ತಿನಲ್ಲೂ ನನಗೆ ಅದೇ.

ಆದರೂ ದೂರದರ್ಶಕ ಹೂಡಿದರು. ದಿಲ್ಲಿಯವರು ಪರದೆಯೊಳಗೆ ತಲೆ ಹಾಕಿ ಬೇಗ ತೆಗೆದರು. ಪ್ರೊಫೆಸರರು ಬಹಳ ಹೊತ್ತು ನೋಡಿದರು. ಆಮೇಲೆ ಮಹೆಬೂಬ ನನ್ನ ರಟ್ಟೆ ಹಿಡಿದು ಪರದೆಯ ಕಡೆ ತಳ್ಳಿದ. ಆ ದಿಬ್ಬದ ಮೇಲೆ ನಾನು ತಲೆ ಹಾಕಿದ್ದು ಅದೊಂದೇ ಸಲ. ರಟ್ಟಿನ ಮೇಲೆ ತಟ್ಟೆಯಷ್ಟು ಅಗಲದ ಸೂರ್ಯ, ಅವನ ಅಂಚು ಉಕ್ಕುತ್ತಿತ್ತು. ನನ್ನ ಗುಡ್ಡದ ಸೂರ್ಯನೇ. ಗುರುತು ಹಿಡಿದೆ. ನನಗೆ ಖುಷಿಯಾಯಿತು ಎಂದು ಒಮ್ಮೆ ಬರೆದು ಹೊಡೆದುಹಾಕಿದೆ, ದುಃಖವಾಯಿತು ಎಂದು ಬರೆದು ಅದನ್ನೂ ಹೊಡೆದೆ. ಹತ್ತಿರದ ಮಾತು ಇದು: ಕುದಿಯುವ ಸೂರ್ಯನಾದರೂ ಅಲ್ಲಿಯವರೆಗೆ ನನ್ನೊಬ್ಬನದಾಗಿತ್ತು. ಈಗ ಅದೂ ಅವನಿಗೆ ಸಿಕ್ಕಿತ್ತು.

ದಿಬ್ಬ ಇಳಿಯುವಾಗ ದಿಲ್ಲಿಯವರು ಪ್ರೊಫೆಸರರನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ರಾಜ್ಯ ಒಡೆದರೆ ಈ ತಾಲೂಕು ಯಾರ ಪಾಲಿಗೆ ಹೋಗುತ್ತದೆ, ರಸ್ತೆ ಕರೆಂಟಿನ ದುಡ್ಡನ್ನು ಯಾವ ಸರ್ಕಾರದ ಹೆಸರಿಗೆ ಬರೆಯಬೇಕು? ಪ್ರೊಫೆಸರರು ಜೀಪಿನ ಕಡೆ ನಡೆದರು. ಅವರ ಕೊರಳಲ್ಲಿ ಗೌಡರ ಹಾರ ಹಾಗೇ ಇತ್ತು.

ಆಮೇಲಿನದು ಬೇಗ ನಡೆಯಿತು. ಮಳೆ ಬಂತು, ಕೆರೆ ತುಂಬಿತು, ಆದರೆ ಮತ್ತೆ ನೋಡಲು ಯಾರೂ ಬರಲಿಲ್ಲ. ರಾಜ್ಯ ಒಡೆಯಿತು. ನಮ್ಮ ತಾಲೂಕುಗಳು ದಕ್ಷಿಣದ ಕಡೆ ಸೇರಿದವು. ಹೊಸ ರಾಜಧಾನಿಯಿಂದ ಬಂದ ಅಧಿಕಾರಿಗೆ ವೀಕ್ಷಣಾಲಯದ ಕಡತದ ಬಗ್ಗೆ ಕೇಳಿದರೆ, ಮೃದುವಾದ ಕನ್ನಡದಲ್ಲಿ ಯಾವ ವೀಕ್ಷಣಾಲಯ ಎಂದು ನನ್ನನ್ನೇ ಕೇಳಿದರು. ಯೋಜನೆ ನಿಂತಿತು ಎಂದು ಯಾರೂ ಹೇಳಲಿಲ್ಲ. ಅಂಥ ಯೋಜನೆಗಳು ನಿಲ್ಲುವುದಿಲ್ಲ, ಅವುಗಳ ಸುದ್ದಿ ಬರುವುದು ನಿಲ್ಲುತ್ತದೆ. ದೂರದರ್ಶಕಗಳು ಹೈದರಾಬಾದಿನ ಆಸ್ತಿ ಎಂದು ವಾಪಸು ಕರೆಸಿಕೊಂಡರು. ಅವುಗಳ ಜೊತೆಗೆ ಮಹೆಬೂಬನನ್ನೂ. ಅವನ ಹಾಳೆಗಳು ಪ್ರೊಫೆಸರರಿಗೆ ಹಿಡಿಸಿದ್ದವು, ಅಲ್ಲಿನ ವೀಕ್ಷಣಾಲಯದಲ್ಲಿ ಒಂದು ನೌಕರಿ ಖಾಲಿಯಿತ್ತು. ಜಾಗ ಇಬ್ಬರದೂ ಸೋತಿತ್ತು, ಆದರೆ ಸೂರ್ಯ ಅವನಿಗೆ ಸಿಕ್ಕ.

ಯಾದಗಿರಿ ಸ್ಟೇಷನ್ನಿಗೆ ಬಿಡಲು ಹೋಗಿದ್ದೆ. ಅವನ ತಾಯಿ ಗಂಟುಗಳ ಮೇಲೆ ಕೂತು ನನ್ನ ಬೆನ್ನು ಸವರಿ, ಬಡಕಲಾಗಿದ್ದೀಯ ಎಂದಳು. ಪೆಟ್ಟಿಗೆಗಳು ಅದೇ ಕಟ್ಟೆಯ ಮೇಲಿದ್ದವು. ಗಾಡಿ ಬಂದಾಗ ಮಹೆಬೂಬ ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿದ.

"ಕೆರಿ ತುಂಬಿದಾಗ ಒಮ್ಮಿ ಬಂದು ನೋಡಬೇಕಿತ್ತಲೇ ನೀ."

ನಾನು ಏನೋ ಹೇಳಿದೆ. ಏನೆಂದು ನೆನಪಿಲ್ಲ. ಆಮೇಲೆ ಹಬ್ಬಕ್ಕೆ ಅವನ ಕಾಗದಗಳು ಬರುತ್ತಿದ್ದವು, ನಾನೂ ಬರೆಯುತ್ತಿದ್ದೆ, ಒಂದು ವರ್ಷ ಅಪ್ಪ ಹೋದರು ಎಂದು ಅವನ ಮಗ ಬರೆದ. ನಾನು ಮಗ್ಗಿ ಹೇಳಿಸುತ್ತಲೇ ನಿವೃತ್ತನಾದೆ. ನಡುವೆ ಯಾವಾಗಲೋ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದೆ. ದೂರದ ಇನ್ನೊಂದು ರಾಜ್ಯದಲ್ಲಿ, ನೀರಿನ ನಡುವೆ, ಸೂರ್ಯನನ್ನು ನೋಡುವ ಬಿಳಿ ಗುಮ್ಮಟ. ನೀಲಮ್ಮನಿಗೆ ತೋರಿಸಿದೆ. ಈಗ ಆ ಕೆರಿ ಮ್ಯಾಲೇನು ನಿಮ್ಮ ಸಿಟ್ಟು ಎಂದು ಕೇಳಿ ಒಳಗೆ ಹೋದಳು.

ಹೋದ ತಿಂಗಳು ಛತ್ರಿಯ ಪಕ್ಕದಿಂದ ಎದ್ದು ದಿಬ್ಬದ ತನಕ ನಡೆದೆ. ಕೃಷ್ಣೆಯ ಕಾಲುವೆ ಬಂದ ಮೇಲೆ ಆ ಕಡೆಯೆಲ್ಲ ಭತ್ತದ ಹಸಿರು, ಕೆರೆ ವರ್ಷವಿಡೀ ತುಂಬಿಯೇ ಇರುತ್ತದೆಯಂತೆ. ಅದೂ ಸರ್ಕಾರದ ಯೋಜನೆಯೇ. ಒಬ್ಬರು ಅಡಿಗಲ್ಲು ಹಾಕಿ, ಇನ್ನೊಬ್ಬರ ಕಾಲಕ್ಕೆ ಹರಿದ ನೀರು. ಮದುವೆಗೆ ಬಂದಿದ್ದ ಗೌಡರ ಮೊಮ್ಮಗ ಜೊತೆಗೆ ಬಂದ. ಏನ್ ನೋಡಾಕತ್ತೀರಿ ಅಜ್ಜಾರ ಎಂದ. ಕೆರೆ ಎಂದೆ. ಅವನಿಗೆ ಸಂತೋಷವಾಯಿತು. ನೀರಿನಲ್ಲಿ ಬಿದ್ದ ಸೂರ್ಯ ನಡುಗುತ್ತಿದ್ದ, ಅದು ಅಲೆ ಎಬ್ಬಿಸಿದ ಗಾಳಿಗೆ, ಅದು ಲೆಕ್ಕಕ್ಕಿಲ್ಲ.

ತೂಬು ಎತ್ತದಿದ್ದರೆ ಯಂತ್ರ ಅಲ್ಲಿಗೆ ಬರುತ್ತಿತ್ತೋ, ಅಥವಾ ದುಡ್ಡು ಯಾವ ಸರ್ಕಾರದ ಹೆಸರಿಗೆ ಎಂಬ ತಮ್ಮ ಪ್ರಶ್ನೆಯ ಉತ್ತರವನ್ನು ದಿಲ್ಲಿಯವರು ಮೊದಲೇ ಬರೆದುಕೊಂಡು ಬಂದಿದ್ದರೋ ತಿಳಿಯದು. ಅದನ್ನು ತಿಳಿದವರು ಎಲ್ಲಾದರೂ ಇದ್ದಿರಬಹುದು. ಆದರೆ ತುಂಬಿದ ಕೆರೆಯ ಪಕ್ಕದಲ್ಲಿ, ಆ ಕರಿ ಪರದೆಯೊಳಗೆ, ಮಹೆಬೂಬನ ಸೂರ್ಯ ನಿಜಕ್ಕೂ ಸುಮ್ಮನಿದ್ದನೇ? ಅದನ್ನು ನೋಡಿದ್ದವನು ಅವನೊಬ್ಬನೇ. ನನಗೆ ಗೊತ್ತಿಲ್ಲ.